ಸ್ವಂತ ಬೋಟಿನೊಂದಿಗೆ ಕಡಲತೀರಕ್ಕೆ: ಟ್ರೈಲರ್, ಉಬ್ಬರ-ಇಳಿತ ಮತ್ತು ಉಪ್ಪುನೀರಿನ ಲೆಕ್ಕ

ಕೆರೆಯಲ್ಲೋ ಅಣೆಕಟ್ಟಿನ ಹಿನ್ನೀರಿನಲ್ಲೋ ವರ್ಷಗಟ್ಟಲೆ ಓಡಿಸಿ ಪಳಗಿದ ಬೋಟನ್ನು ರಜೆಗೆಂದು ಕಡಲಿಗೆ ಒಯ್ದಾಗ ಮುಖ್ಯವಾಗಿ ಬದಲಾಗುವುದು ಎರಡು ಸಂಗತಿ. ಅಲ್ಲಿ ನೀರಿನ ಮಟ್ಟ ಒಂದೇ ಕಡೆ ನಿಲ್ಲುವುದಿಲ್ಲ, ಮತ್ತು ಆ ನೀರಿನಲ್ಲಿ ಉಪ್ಪಿದೆ. ಇಳಿಸಲು ನೀರು ಸಾಲದೆ ದಡದಲ್ಲೇ ಕಾಯುವುದು, ಜೆಟ್ಟಿಗೆ ಕಟ್ಟಿದ ಬೋಟು ಹಗ್ಗದಲ್ಲಿ ನೇತಾಡುವುದು, ವಾಪಸು ಬರುವಾಗ ನಡುದಾರಿಯಲ್ಲಿ ಟ್ರೈಲರಿನ ಚಕ್ರ ಕಳಚಿಕೊಳ್ಳುವುದು, ಮನೆಗೆ ಬಂದು ತಿಂಗಳೆರಡು ಕಳೆದ ಮೇಲೆ ಎಂಜಿನ್ ಬಿಸಿಯಾಗಿ ನಿಲ್ಲುವುದು, ಇವೆಲ್ಲ ಬೇರೆ ಬೇರೆ ತೊಂದರೆಗಳಂತೆ ಕಂಡರೂ ಬೇರು ಇರುವುದು ಇವೆರಡರಲ್ಲೇ. ಹಾಗಾಗಿ ಕಡಲಿನ ರಜೆಯಲ್ಲಿ ಬೋಟು ಓಡಿಸುವ ಜಾಣತನಕ್ಕಿಂತಲೂ ಉಬ್ಬರ-ಇಳಿತದ ಪಟ್ಟಿ ಓದುವ ಅಭ್ಯಾಸ ಮತ್ತು ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆಯುವ ಶಿಸ್ತು ಹೆಚ್ಚು ಕೆಲಸಕ್ಕೆ ಬರುತ್ತವೆ.

ಬೋಟು ಕಡಲಿಗೆ ತಕ್ಕದ್ದೇ?

ಎಲ್ಲ ಬೋಟೂ ತೆರೆದ ಕಡಲಿಗಲ್ಲ. ಚಪ್ಪಟೆ ತಳದ, ಅಂಚು ತಗ್ಗಾದ ಬೋಟು ಕೆರೆಯಲ್ಲಿ ಎಷ್ಟೇ ಸ್ಥಿರವಾಗಿದ್ದರೂ ಕಡಲಿನ ಅಲೆಯನ್ನು ಸೀಳಲಾರದು, ಅದರ ಮೇಲೆ ಬಡಿಯುತ್ತದೆ. ಹಿಂಬದಿಯ ಹಲಗೆಯನ್ನು ಎಂಜಿನ್‌ಗಾಗಿ ತಗ್ಗಿಸಿ ಕತ್ತರಿಸಿದ್ದರೆ, ವೇಗ ತಟ್ಟನೆ ಇಳಿಸಿದಾಗ ಬೆನ್ನಟ್ಟಿ ಬರುವ ಸ್ವಂತ ಅಲೆಯೇ ಒಳಗೆ ಸುರಿಯಬಹುದು. ಯುರೋಪಿನ ನಿಯಮದಂತೆ ತಯಾರಾದ ಬೋಟಾದರೆ ಅದರ ಫಲಕದ ಮೇಲೆ ಎ, ಬಿ, ಸಿ, ಡಿ ಎಂಬ ವರ್ಗವಿರುತ್ತದೆ. ಡಿ ವರ್ಗವೆಂದರೆ ಆಸರೆಯ ನೀರು ಮಾತ್ರ: ಅಲೆ 0.3 ಮೀಟರ್‌ವರೆಗೆ, ಆಗೊಮ್ಮೆ ಈಗೊಮ್ಮೆ 0.5 ಮೀಟರ್. ಸಿ ವರ್ಗ 2 ಮೀಟರ್ ಅಲೆ ಮತ್ತು ಗಾಳಿಯ ಬಲ ಅಳೆಯುವ ಬ್ಯೂಫರ್ಟ್ ಮಾಪಕದ 6ರವರೆಗೆ. ಇದು ಬೋಟು ತಾಳಬಲ್ಲ ಮಿತಿ; ಅದರಲ್ಲಿ ಕೂತವರು ತಾಳುವ ಮಿತಿ ಅದಕ್ಕಿಂತ ಬಹಳ ಕೆಳಗೇ ಇರುತ್ತದೆ. ಡಿ ವರ್ಗದ ಬೋಟು ಇದ್ದವರು ನಿರಾಶರಾಗಬೇಕಿಲ್ಲ. ನದೀಮುಖದ ಒಳಭಾಗ, ದ್ವೀಪಗಳ ಮರೆ, ಖಾರಿಗಳು ಅವರಿಗೆ ಸಾಕಷ್ಟು ದಿನಗಳ ತಿರುಗಾಟ ಕೊಡುತ್ತವೆ. ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿ ಹೊರಗೆ ಹೋಗಬಾರದು, ಅಷ್ಟೆ.

ಕಾಗದಪತ್ರದ ವಿಷಯದಲ್ಲಿ ಒಂದೇ ಮಾತು: ವಿಮೆಯ ಪತ್ರವನ್ನು ತೆರೆದು ಓದಿ. ಎಷ್ಟೋ ಪಾಲಿಸಿಗಳು ಒಳನಾಡಿನ ನೀರಿಗೆ ಮಾತ್ರ ಅನ್ವಯಿಸುತ್ತವೆ, ಇಲ್ಲವೇ ದಡದಿಂದ ಇಷ್ಟು ದೂರ ಎಂದು ಗೆರೆ ಹಾಕಿರುತ್ತವೆ. ನೋಂದಣಿ, ಚಾಲನಾ ಪರವಾನಗಿ, ಮೀನು ಹಿಡಿಯುವ ಅನುಮತಿ, ರೇಡಿಯೋ ಪರವಾನಗಿ ಇವು ಸೀಮೆಯಿಂದ ಸೀಮೆಗೆ ಬದಲಾಗುವುದರಿಂದ ಹೋಗುವ ಊರಿನ ಬಂದರು ಕಚೇರಿಯಲ್ಲಿ ಮುಂಚೆಯೇ ಕೇಳಿಕೊಳ್ಳಬೇಕು.

ರಸ್ತೆಯ ಮೇಲೆ: ತೂಕ ಮತ್ತು ಬೇರಿಂಗ್

ಬೋಟಿನ ತೂಕವೆಂದು ಮಾರಾಟದ ಹಾಳೆಯಲ್ಲಿ ಬರೆದಿರುವುದು ಬರಿಯ ಬೋಟಿನ ತೂಕ. ಬೋಟು 700 ಕಿಲೋ, ಎಂಜಿನ್ 200, ಟ್ರೈಲರ್ 350 ಎಂದರೆ 1,250 ಕಿಲೋ ಆಯಿತು. ಅದರಲ್ಲಿ 120 ಲೀಟರ್ ಪೆಟ್ರೋಲ್ ತುಂಬಿದರೆ ಸುಮಾರು 90 ಕಿಲೋ, ಎರಡು ಬ್ಯಾಟರಿಗೆ 50, ಲಂಗರು ಮತ್ತು ಸರಪಳಿಗೆ 30, ಐಸ್‌ಪೆಟ್ಟಿಗೆ, ಟೆಂಟು, ಮಕ್ಕಳ ಸಾಮಾನು ಎಂದು ತುರುಕಿದ್ದಕ್ಕೆ 150. ಒಟ್ಟು 1,570 ಕಿಲೋ. ಟ್ರೈಲರಿನ ಮಿತಿ 1,400 ಆಗಿದ್ದರೆ ಮನೆ ಬಿಡುವ ಮುಂಚೆಯೇ ಲೆಕ್ಕ ತಪ್ಪಿದೆ. ಊಹೆ ಬಿಟ್ಟು, ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ಎಲ್ಲ ತುಂಬಿದ ಟ್ರೈಲರನ್ನು ಒಮ್ಮೆ ನಿಲ್ಲಿಸಿ ನೋಡುವುದು ಒಳ್ಳೆಯದು. ಟ್ಯಾಂಕನ್ನು ಕಡಲ ಹತ್ತಿರ ಹೋದ ಮೇಲೆ ತುಂಬಿಸಿದರೂ ನಡೆಯುತ್ತದೆ.

ಒಟ್ಟು ತೂಕದಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಎನ್ನುವುದು. ಕಾರಿನ ಕೊಕ್ಕೆಯ ಮೇಲೆ ಟ್ರೈಲರಿನ ಮೂತಿ ಒತ್ತುವ ಭಾರ ಒಟ್ಟು ತೂಕದ ಸುಮಾರು 10 ಶೇಕಡಾ ಇದ್ದರೆ ಟ್ರೈಲರ್ ನೆಟ್ಟಗೆ ಹಿಂಬಾಲಿಸುತ್ತದೆ. 5 ಶೇಕಡಾಕ್ಕಿಂತ ಕಡಿಮೆಯಾದರೆ ಭಾರವೆಲ್ಲ ಹಿಂದೆ ಸರಿದು, ವೇಗ ಹೆಚ್ಚಿದಂತೆ ಟ್ರೈಲರಿನ ಬಾಲ ಎಡಕ್ಕೂ ಬಲಕ್ಕೂ ಓಲಾಡಲು ಶುರುವಾಗುತ್ತದೆ; ಒಮ್ಮೆ ಹಿಡಿತ ತಪ್ಪಿದರೆ ಕಾರನ್ನೇ ಎಳೆದುಕೊಂಡು ಮಗುಚುತ್ತದೆ. ಭಾರ ವಿಪರೀತವಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳಿಗೆ ಹಿಡಿತ ಕಡಿಮೆಯಾಗುತ್ತದೆ. ಆದರೆ ಕೊನೆಯ ಮಾತು ಕಾರಿನ ಕೈಪಿಡಿಯದ್ದು. ಕೊಕ್ಕೆಯ ಮಿತಿ 75 ಕಿಲೋ ಎಂದು ಅದರಲ್ಲಿದ್ದರೆ ಅದನ್ನು ಮೀರುವಂತಿಲ್ಲ. ಓಲಾಟ ಶುರುವಾದಾಗ ಗಾಬರಿಯಿಂದ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲೂ ಹೋಗಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಆಮೇಲೆ ಗಾಡಿ ನಿಲ್ಲಿಸಿ ಸಾಮಾನನ್ನು ಮುಂದಕ್ಕೆ ಸರಿಸಬೇಕು.

ಬೋಟನ್ನು ಕಟ್ಟುವಾಗ ಮುಂದಿನ ವಿಂಚ್‌ನ ಪಟ್ಟಿಯೊಂದನ್ನೇ ನಂಬುವುದು ತೀರ ಸಾಮಾನ್ಯವಾದ ತಪ್ಪು. ಅದು ಬೋಟನ್ನು ಮೇಲೆಳೆಯಲು ಇರುವುದೇ ಹೊರತು ಹಿಡಿದಿಡಲು ಅಲ್ಲ. ಮೂತಿಗೆ ಬೇರೆ ಸರಪಳಿ, ಹಿಂಬದಿಯ ಎರಡೂ ಮೂಲೆಗೆ ಒಂದೊಂದು ರ್‍ಯಾಚೆಟ್ ಪಟ್ಟಿ ಬೇಕು. ಪಟ್ಟಿಯನ್ನು ಬಿಗಿಯುವ ಮುಂಚೆ ಒಂದು ಸುತ್ತು ತಿರುಚಿದರೆ ಗಾಳಿಗೆ ಅದು ಪಟಪಟಿಸಿ ಸವೆಯುವುದಿಲ್ಲ. ಕಾರು ಮತ್ತು ಟ್ರೈಲರಿನ ನಡುವಣ ಸುರಕ್ಷತಾ ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಹಾಕಬೇಕು. ಕೊಕ್ಕೆ ಕಳಚಿದರೆ ಟ್ರೈಲರಿನ ಮೂತಿ ರಸ್ತೆಗೆ ನಾಟದೆ ಆ ಸರಪಳಿಗಳ ಮೇಲೆ ಕೂರುತ್ತದೆ. ಎತ್ತಿದ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಿನಿಂದ ತಗಲಿಸುವ) ಎಂಜಿನ್ನನ್ನು ಅದರ ಸಣ್ಣ ಕೊಂಡಿಯ ಮೇಲೆ ಬಿಟ್ಟು ದೂರ ಓಡಿಸಿದರೆ ರಸ್ತೆಯ ಪ್ರತಿ ಕುಲುಕೂ ಹಿಂಬದಿಯ ಹಲಗೆಗೆ ತಗಲುತ್ತದೆ. ಎಂಜಿನ್‌ಗೂ ಟ್ರೈಲರಿಗೂ ನಡುವೆ ಆನಿಕೆಯ ಕಂಬ ಕೊಡಬೇಕು.

ಟ್ರೈಲರಿನ ಟೈರು ಸವೆದು ಹಾಳಾಗುವುದು ಅಪರೂಪ, ನಿಂತಲ್ಲೇ ವಯಸ್ಸಾಗಿ ಹಾಳಾಗುತ್ತದೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ಗುರುತಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ, ಗೆರೆಗಳು ಹೊಸದರಂತೆ ಕಂಡರೂ ದೂರದ ಪ್ರಯಾಣಕ್ಕೆ ಬೇಡ.

ಈಗ ಬೇರಿಂಗ್. ಬೋಟಿನ ಟ್ರೈಲರ್ ಬೇರೆಲ್ಲ ಟ್ರೈಲರುಗಳಿಗಿಂತ ಬೇಗ ಕೆಡುವುದು ಇಲ್ಲೇ, ಆದ್ದರಿಂದ ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನೂರಾರು ಕಿಲೋಮೀಟರ್ ಓಡಿದ ಚಕ್ರದ ಗುಂಬ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಬಂದ ಕೂಡಲೇ ಅದನ್ನು ತಣ್ಣನೆಯ ನೀರಿಗೆ ಇಳಿಸಿದರೆ ಆ ಗಾಳಿ ಥಟ್ಟನೆ ಕುಗ್ಗಿ, ಹಿಂಬದಿಯ ರಬ್ಬರ್ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಉಪ್ಪುನೀರು ಗ್ರೀಸಿನೊಂದಿಗೆ ಬೆರೆತು ಹಾಲಿನಂತೆ ಬೆಳ್ಳಗಾಗುತ್ತದೆ. ರಜೆಯ ವಾರವಿಡೀ ಟ್ರೈಲರ್ ನಿಂತಿರುವಾಗ ರೋಲರುಗಳ ಮೇಲೆ ತುಕ್ಕಿನ ಸಣ್ಣ ಕುಳಿಗಳು ಮೂಡುತ್ತವೆ. ವಾಪಸು ಹೊರಟಾಗ ಆ ಕುಳಿಗಳು ಉಜ್ಜಿ ಬಿಸಿಯೇರಿ, ಗ್ರೀಸ್ ಕರಗಿ ಹರಿದು, ಬೇರಿಂಗ್ ಹಿಡಿದುಕೊಳ್ಳುತ್ತದೆ. ಹೋಗುವಾಗ ಏನೂ ಆಗದ ಟ್ರೈಲರ್ ಬರುವಾಗ ಕೈಕೊಡುವುದು ಇದರಿಂದಲೇ.

ಪರಿಹಾರ ದುಬಾರಿಯದ್ದಲ್ಲ. ತೀರ ತಲುಪಿದ ಮೇಲೆ ಕನಿಷ್ಠ 20 ನಿಮಿಷ ಚಕ್ರಗಳನ್ನು ಆರಲು ಬಿಡಿ. ಬೋಟು ಸಜ್ಜುಗೊಳಿಸಲು ಹೇಗೂ ಅಷ್ಟು ಹೊತ್ತು ಬೇಕು. ಸ್ಪ್ರಿಂಗ್ ಇರುವ ಗ್ರೀಸ್ ಮುಚ್ಚಳ ಹಾಕಿಸಿದರೆ ಒಳಗೆ ಸಣ್ಣ ಒತ್ತಡ ಉಳಿದು ನೀರು ನುಗ್ಗುವುದು ಕಡಿಮೆಯಾಗುತ್ತದೆ. ಆದರೆ ಅದಕ್ಕೆ ಗನ್ನಿನಿಂದ ಎಷ್ಟೆಂದರಷ್ಟು ಗ್ರೀಸ್ ತುಂಬಿದರೆ ಹಿಂದಿನ ಸೀಲೇ ಹೊರಗೆ ಚಿಮ್ಮುತ್ತದೆ, ಆಮೇಲೆ ಮುಚ್ಚಳ ಇದ್ದೂ ಇಲ್ಲದಂತೆ. ಹೊರಡುವ ಮುಂಚೆ ಜಾಕ್ ಕೊಟ್ಟು ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಿ. ಲೊಡಲೊಡ ಎಂದರೆ ಸಡಿಲವಾಗಿದೆ. ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ಬದಲಿಸಬೇಕು. ದಾರಿಯಲ್ಲಿ ಮೊದಲ 30 ಕಿಲೋಮೀಟರಿಗೆ ಒಮ್ಮೆ, ಆಮೇಲೆ ಪ್ರತಿ 100 ಕಿಲೋಮೀಟರಿಗೆ ನಿಲ್ಲಿಸಿ ಗುಂಬಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಒಂದು ಕಡೆಯದು ಇನ್ನೊಂದಕ್ಕಿಂತ ಬಹಳ ಬಿಸಿಯಿದ್ದರೆ, ಬೇರಿಂಗ್ ಹೋಗುತ್ತಿದೆ ಇಲ್ಲವೇ ಬ್ರೇಕ್ ಬಿಡದೆ ಹಿಡಿಯುತ್ತಿದೆ. ಅದೇ ನಿಲುಗಡೆಯಲ್ಲಿ ಚಕ್ರದ ನಟ್ಟುಗಳನ್ನೂ ಒಮ್ಮೆ ಬಿಗಿದು ನೋಡಿ. ಸ್ಟೆಪ್ನಿ, ಆ ಆಕ್ಸಲಿಗೆ ಹೊಂದುವ ಜಾಕ್, ಒಂದು ಜೊತೆ ಬೇರಿಂಗ್ ಮತ್ತು ಸೀಲು, ಗ್ರೀಸ್ ಕಾರಿನಲ್ಲಿರಲಿ. ಕಾರಿನ ಜಾಕ್ ಟ್ರೈಲರಿನ ಕೆಳಗೆ ಹೊಂದದಿರುವುದು ಗೊತ್ತಾಗುವುದು ಸಾಮಾನ್ಯವಾಗಿ ರಸ್ತೆ ಬದಿಯಲ್ಲೇ.

ಉಬ್ಬರ-ಇಳಿತ ಓದುವುದು

ಹೆಚ್ಚಿನ ಕಡಲತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಪ್ರತಿದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕೆಲವೆಡೆ, ಉದಾಹರಣೆಗೆ ಮೆಕ್ಸಿಕೋ ಕೊಲ್ಲಿಯ ಬಹುಭಾಗದಲ್ಲಿ, ದಿನಕ್ಕೆ ಒಂದೇ ಉಬ್ಬರ. ಏರಿಳಿತದ ಅಂತರವೂ ಊರಿನಿಂದ ಊರಿಗೆ ಬೇರೆ. ಮೆಡಿಟರೇನಿಯನ್ನಿನ ಹೆಚ್ಚಿನ ಕಡೆ ಅರ್ಧ ಮೀಟರೂ ಇರದು, ಕೆನಡಾದ ಫಂಡಿ ಕೊಲ್ಲಿಯ ತುದಿಯಲ್ಲಿ 16 ಮೀಟರ್‌ವರೆಗೂ ಹೋಗುತ್ತದೆ. ಒಂದೇ ಊರಿನಲ್ಲೂ ಹುಣ್ಣಿಮೆ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಅಂತರ ಅತಿ ಹೆಚ್ಚು, ಅಷ್ಟಮಿಯ ಅರ್ಧಚಂದ್ರನ ಆಸುಪಾಸಿನಲ್ಲಿ ಅತಿ ಕಡಿಮೆ. ರಜೆಯ ದಿನಾಂಕ ಆರಿಸುವ ಸ್ವಾತಂತ್ರ್ಯ ಇದ್ದರೆ ಮೊದಲ ಸಲ ಬರುವವರಿಗೆ ಅಷ್ಟಮಿಯ ವಾರವೇ ಒಳ್ಳೆಯದು: ಸೆಳವು ಕಡಿಮೆ, ನೀರು ತೀರ ಕೆಳಗಿಳಿಯುವುದಿಲ್ಲ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದು ಹೊಸಬರಿಗೆ ಹೊಳೆಯದ ಸಂಗತಿ. ನಾವಿಕರು ಬಳಸುವ ಹನ್ನೆರಡನೇ ಭಾಗದ ಲೆಕ್ಕ ಹೀಗಿದೆ: ಇಳಿತದಿಂದ ಉಬ್ಬರದವರೆಗಿನ ಹೊತ್ತನ್ನು ಆರು ಪಾಲು ಮಾಡಿ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಪಾಲು ಹೊತ್ತಿನಲ್ಲಿ 1 ಪಾಲು ನೀರು ಏರುತ್ತದೆ, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕರಲ್ಲಿ 3-3, ಐದರಲ್ಲಿ 2, ಆರರಲ್ಲಿ 1. ಅಂದರೆ ಅರ್ಧದಷ್ಟು ನೀರು ನಡುವಣ ಎರಡು ಗಂಟೆಯಲ್ಲೇ ಬಂದುಬಿಡುತ್ತದೆ, ಹೋಗುವಾಗಲೂ ಹಾಗೆಯೇ. ಸೆಳವು ಬಲವಾಗಿರುವುದೂ ಆಗಲೇ.

ಒಂದು ರ್‍ಯಾಂಪಿಗೆ, ಅಂದರೆ ಬೋಟು ಇಳಿಸುವ ಕಾಂಕ್ರೀಟಿನ ಇಳಿಜಾರಿಗೆ, ಇದನ್ನು ಹಚ್ಚಿ ನೋಡೋಣ. ಪಟ್ಟಿಯಲ್ಲಿ ಬೆಳಿಗ್ಗೆ 6ಕ್ಕೆ ಇಳಿತ 0.6 ಮೀಟರ್, ಮಧ್ಯಾಹ್ನ 12.12ಕ್ಕೆ ಉಬ್ಬರ 3.6 ಮೀಟರ್ ಎಂದಿದೆ. ಅಂತರ 3 ಮೀಟರ್, ಹನ್ನೆರಡನೇ ಒಂದು ಪಾಲು 25 ಸೆಂಟಿಮೀಟರ್. ಕಾಂಕ್ರೀಟು ಮುಗಿಯುವ ಅಂಚು ನಕ್ಷೆಯ ಸೊನ್ನೆ ಮಟ್ಟದಿಂದ (ಪಟ್ಟಿಯ ಎತ್ತರಗಳನ್ನು ಅಳೆಯುವುದೂ ಇಲ್ಲಿಂದಲೇ) 0.3 ಮೀಟರ್ ಮೇಲಿದೆ, ನಿಮ್ಮ ಟ್ರೈಲರಿನಿಂದ ಬೋಟು ತೇಲಲು 0.9 ಮೀಟರ್ ನೀರು ಬೇಕು ಎಂದುಕೊಂಡರೆ, ನೀರು 1.2 ಮೀಟರ್ ತಲುಪಬೇಕು. 7 ಗಂಟೆಯ ಹೊತ್ತಿಗೆ 0.85, 8 ದಾಟಿದ ಮೇಲೆ 1.35 ಆಗಿರುತ್ತದೆ; ಅಂದರೆ ಸುಮಾರು 7.45ರಿಂದ ಇಳಿಸಬಹುದು. ಉಬ್ಬರದ ಆಚೆಗೆ ಇದೇ ಲೆಕ್ಕ ತಿರುಗಿಸಿದರೆ ಸಂಜೆ 4.40ರ ಹೊತ್ತಿಗೆ ಮತ್ತೆ 1.2ಕ್ಕೆ ಇಳಿದಿರುತ್ತದೆ. ಅಷ್ಟರೊಳಗೆ ಬೋಟು ಟ್ರೈಲರಿನ ಮೇಲಿರಬೇಕು, ತಪ್ಪಿದರೆ ಸುಮಾರು ರಾತ್ರಿ 8ರವರೆಗೆ ಹೊರಗೆ ಲಂಗರು ಹಾಕಿ ಕಾಯಬೇಕು. ನಾಲ್ಕು ದಿನ ಕಳೆದರೆ ಈ ಹೊತ್ತೆಲ್ಲ ಮೂರು ಗಂಟೆಗೂ ಹೆಚ್ಚು ಮುಂದೆ ಸರಿದಿರುತ್ತದೆ. ಮೊದಲ ದಿನ ಅನುಕೂಲವಾಗಿದ್ದ ಬೆಳಗಿನ 8.30, ಐದನೆಯ ದಿನಕ್ಕೆ ರ್‍ಯಾಂಪಿನಲ್ಲಿ ಕೆಸರು ಕಾಣುವ ಹೊತ್ತು. ಹಾಗಾಗಿ ಇಡೀ ವಾರದ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು, ಯಾವ ದಿನ ಬೋಟು, ಯಾವ ದಿನ ದಡದ ತಿರುಗಾಟ ಎಂದು ಹಂಚಿಕೊಳ್ಳುವುದು ಜಾಣತನ.

ಎರಡು ಎಚ್ಚರಿಕೆ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಿ ಮುದ್ರಿತ ಪಟ್ಟಿ ಹಳೆಯ ಹೊತ್ತಿನಲ್ಲೇ ಇರಬಹುದು, ಒಂದು ಗಂಟೆ ಸೇರಿಸಬೇಕಾಗುತ್ತದೆ. ಮತ್ತೆ, ಪಟ್ಟಿ ಹೇಳುವುದು ಚಂದ್ರ-ಸೂರ್ಯರ ಲೆಕ್ಕ ಮಾತ್ರ. ವಾಯುಭಾರ 10 ಹೆಕ್ಟೋಪಾಸ್ಕಲ್ ಏರಿದರೆ ನೀರು ಸುಮಾರು 10 ಸೆಂಟಿಮೀಟರ್ ತಗ್ಗುತ್ತದೆ, ದಡದಿಂದ ಬೀಸುವ ಬಲವಾದ ಗಾಳಿ ಇನ್ನಷ್ಟು ತಗ್ಗಿಸುತ್ತದೆ. ಕೂದಲೆಳೆಯ ಲೆಕ್ಕ ಬೇಡ, ಅರ್ಧ ಗಂಟೆ ಕೈಯಲ್ಲಿ ಇಟ್ಟುಕೊಳ್ಳಿ.

ರ್‍ಯಾಂಪಿನಲ್ಲಿ

ಬೋಟು ಇಳಿಸುವ ಕೆಲಸದ ಮುಕ್ಕಾಲು ಪಾಲು ರ್‍ಯಾಂಪಿಗೆ ಬರುವ ಮುಂಚೆಯೇ, ಪಾರ್ಕಿಂಗ್ ಜಾಗದಲ್ಲಿ ಮುಗಿಯಬೇಕು. ಹಿಂಬದಿಯ ಪಟ್ಟಿ ಬಿಚ್ಚಿ, ತಳದ ಬಿರಡೆ ಹಾಕಿ ಕೈಯಿಂದಲೇ ಬಿಗಿದು ನೋಡಿ, ಬ್ಯಾಟರಿ ಆನ್ ಮಾಡಿ, ಪೆಟ್ರೋಲ್ ಕೊಳವೆಯ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಒತ್ತಿ, ಮೂತಿಗೂ ಹಿಂಬದಿಗೂ ಉದ್ದ ಹಗ್ಗ ಕಟ್ಟಿ, ಬದಿಗೆ ಪೆಟ್ಟಾಗದಂತೆ ತಡೆಯುವ ಫೆಂಡರ್ ಇಳಿಬಿಟ್ಟು, ಟ್ರೈಲರಿನ ದೀಪದ ಪ್ಲಗ್ಗು ಕಿತ್ತಿಡಿ. ದೀಪದ ಬಿಸಿ ಬಲ್ಬು ನೀರಿಗಿಳಿದರೆ ಒಡೆಯುತ್ತದೆ, ಉರಿಯುವ ದೀಪದ ತಂತಿಗೆ ಉಪ್ಪುನೀರು ಸೋಕಿದರೆ ಫ್ಯೂಸ್ ಹೋಗುತ್ತದೆ. ಮೂತಿಯ ವಿಂಚ್ ಪಟ್ಟಿ ಮತ್ತು ಸರಪಳಿಯನ್ನು ಮಾತ್ರ ನೀರಿಗೆ ಬರುವ ತನಕ ಬಿಚ್ಚಬಾರದು. ಇಳಿಜಾರಿನ ಮೇಲೆ ಬಿಚ್ಚಿದ ಬೋಟು ಕಾಂಕ್ರೀಟಿನ ಮೇಲೆ ಜಾರಿ ಬೀಳುವುದು ಕಡಲತೀರಗಳಲ್ಲಿ ಆಗಾಗ ಕಾಣುವ ನೋಟ.

ಹಿಂದಕ್ಕೆ ಬಿಡುವಾಗ ಸ್ಟೀರಿಂಗಿನ ಕೆಳಭಾಗವನ್ನು ಹಿಡಿದರೆ ಗೊಂದಲವಿಲ್ಲ: ಟ್ರೈಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿದರಾಯಿತು. ಚಾಲಕನ ಹೊರತು ಉಳಿದವರೆಲ್ಲ ಕಾರಿನಿಂದ ಇಳಿದಿರಲಿ, ಚಾಲಕ ಸೀಟ್‌ಬೆಲ್ಟ್ ಬಿಚ್ಚಿ ಕಿಟಕಿ ಇಳಿಸಿರಲಿ. ಉಬ್ಬರದ ಗೆರೆಯ ಕೆಳಗಿನ ಕಾಂಕ್ರೀಟಿಗೆ ಹಸಿರು ಪಾಚಿ ಹಿಡಿದಿರುತ್ತದೆ. ಅದರ ಮೇಲೆ ಎಳೆಯುವ ಚಕ್ರ ಬಂದರೆ ಜಾರುತ್ತದೆ, ನಡೆಯುವವರ ಕಾಲೂ ಜಾರುತ್ತದೆ. ಕಾರಿನ ಹಿಂದಿನ ಚಕ್ರ ಒಣ ಕಾಂಕ್ರೀಟಿನ ಮೇಲೆ ಉಳಿಯುವಷ್ಟು ನೀರು ಇರುವ ಹೊತ್ತನ್ನೇ ಆರಿಸುವುದು ಇದಕ್ಕಾಗಿ. ಹ್ಯಾಂಡ್‌ಬ್ರೇಕ್ ಜೊತೆಗೆ ಚಕ್ರಕ್ಕೆ ಅಡ್ಡಗಟ್ಟೆಯನ್ನೂ ಕೊಡಬೇಕು.

ಹಿಂಬದಿ ತೇಲತೊಡಗಿದಾಗ, ಬೋಟಿನ ಮೂತಿ ಇನ್ನೂ ಟ್ರೈಲರಿಗೆ ಕಟ್ಟಿರುವಾಗಲೇ, ಎಂಜಿನ್ ಇಳಿಸಿ ಚಾಲೂ ಮಾಡಿ. ಪಕ್ಕದ ತೂತಿನಿಂದ ನೀರಿನ ಸಣ್ಣ ಧಾರೆ ಬರುತ್ತಿದೆಯೇ ನೋಡಿ. ಬಂದರೆ ತಂಪುಗೊಳಿಸುವ ಪಂಪ್ ಕೆಲಸ ಮಾಡುತ್ತಿದೆ. ಒಳಗೆ ನೀರು ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಬಿಚ್ಚಬೇಕು. ಇಲ್ಲದಿದ್ದರೆ ಎಂಜಿನ್ ಹತ್ತದ ಬೋಟು ಗಾಳಿಗೆ ಬಂಡೆಯ ಕಡೆ ತೇಲುತ್ತದೆ.

ವಾಪಸು ಏರಿಸುವಾಗ ಟ್ರೈಲರನ್ನು ಬಹಳ ಆಳಕ್ಕೆ ಬಿಡುವುದೇ ಹೆಚ್ಚಿನವರ ತಪ್ಪು. ಆಳವಾದರೆ ಬೋಟು ಟ್ರೈಲರಿನ ಆನಿಕೆಯ ಹಲಗೆಗಳ ಮೇಲೆ ತೇಲುತ್ತಾ ಪಕ್ಕಕ್ಕೆ ಸರಿದಿರುತ್ತದೆ, ಮೇಲೆಳೆದಾಗ ಸೊಟ್ಟಗೆ ಕೂರುತ್ತದೆ. ಆನಿಕೆಯ ಹಲಗೆಗಳ ಮುಂದಿನ ಕಾಲುಭಾಗ ನೀರಿನಿಂದ ಹೊರಗಿದ್ದರೆ ಬೋಟು ತಾನಾಗಿ ನಡುವಿಗೆ ಬರುತ್ತದೆ. ಎಂಜಿನ್ ಜೋರು ಮಾಡಿ ಬೋಟನ್ನು ಟ್ರೈಲರಿನ ಮೇಲೆ ನುಗ್ಗಿಸುವ ರೂಢಿ ಬೇಡ. ಪ್ರೊಪೆಲ್ಲರಿನ ರಭಸಕ್ಕೆ ಕಾಂಕ್ರೀಟಿನ ಅಂಚಿನಾಚೆಯ ಮರಳು ಕೊಚ್ಚಿಹೋಗಿ ಗುಂಡಿಯಾಗುತ್ತದೆ. ಇಳಿತದ ಹೊತ್ತಿನಲ್ಲಿ ಬರುವ ಮತ್ತೊಬ್ಬರ ಟ್ರೈಲರಿನ ಚಕ್ರ ಆ ಅಂಚಿನಿಂದ ಗುಂಡಿಗೆ ಬಿದ್ದು ಸಿಕ್ಕಿಕೊಳ್ಳುತ್ತದೆ. ವಿಂಚ್ ತಿರುಗಿಸಲು ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಅಳಿವೆ, ಗಾಳಿ, ಅಲೆ

ಹವಾಮಾನ ವರದಿಯ ‘ಅಲೆಯ ಎತ್ತರ 1 ಮೀಟರ್’ ಎಂಬುದು ಎಲ್ಲ ಅಲೆಗಳ ಗರಿಷ್ಠ ಎತ್ತರವಲ್ಲ, ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಅದೇ ದಿನ ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದ ಒಂಟಿ ಅಲೆಯೂ ಬರಬಹುದು. ಎತ್ತರದ ಜೊತೆ ಅಲೆಗಳ ನಡುವಣ ಅಂತರವನ್ನೂ ನೋಡಬೇಕು: 10 ಸೆಕೆಂಡಿಗೊಂದು ಬರುವ 1 ಮೀಟರ್ ಅಲೆ ಬೋಟನ್ನು ಮೆಲ್ಲನೆ ಎತ್ತಿ ಇಳಿಸುತ್ತದೆ, 4 ಸೆಕೆಂಡಿಗೊಂದು ಬರುವ ಅದೇ ಎತ್ತರದ ಅಲೆ ಸಣ್ಣ ಬೋಟಿಗೆ ಹೊಡೆತ. ಬಿಸಿಲಿನ ದಿನಗಳಲ್ಲಿ ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮೂರು ಗಂಟೆಗೆ ಬಿಳಿ ನೊರೆಯ ಅಲೆಯಾಗಿರುತ್ತದೆ. ಬೇಗ ಹೊರಟು ಊಟದ ಹೊತ್ತಿಗೆ ಮರಳುವುದು ಸಣ್ಣ ಬೋಟಿನವರಿಗೆ ಹೇಳಿ ಮಾಡಿಸಿದ ಕ್ರಮ.

ಎಲ್ಲಕ್ಕಿಂತ ಅಪಾಯದ ಜಾಗ ಅಳಿವೆ. ಇಳಿತದ ಹೊತ್ತಿನಲ್ಲಿ ಒಳಗಿನ ನೀರೆಲ್ಲ ಕಿರಿದಾದ ಬಾಯಿಂದ ಹೊರಗೆ ನುಗ್ಗುತ್ತಿರುತ್ತದೆ, ಹೊರಗಿನಿಂದ ಅಲೆಗಳು ಅದಕ್ಕೆ ಎದುರಾಗಿ ಬರುತ್ತಿರುತ್ತವೆ. ಎರಡೂ ಮರಳುದಿಬ್ಬದ ಮೇಲೆ ಡಿಕ್ಕಿ ಹೊಡೆದಾಗ ಅಲೆಗಳ ನಡುವಣ ಅಂತರ ಗಿಡ್ಡವಾಗಿ, ಅಲೆ ಕಡಿದಾಗಿ, ಒಡೆಯುವ ಗೋಡೆಯಾಗುತ್ತದೆ. ಬೆಳಿಗ್ಗೆ ಉಬ್ಬರದಲ್ಲಿ ಸಲೀಸಾಗಿ ದಾಟಿದ ಅದೇ ಅಳಿವೆ ಸಂಜೆ ಇಳಿತದಲ್ಲಿ ದಾಟಲಾಗದಂತಾಗುವುದು ಹೀಗೆ. ಉಬ್ಬರ ಏರುತ್ತಿರುವಾಗ ಅಥವಾ ನೀರು ನಿಂತಿರುವಾಗ ದಾಟಬೇಕು. ಒಳಗೆ ಬರುವಾಗ ಒಂದು ಅಲೆಯ ಬೆನ್ನ ಮೇಲೆ ಕೂತು ಅದರ ವೇಗದಲ್ಲೇ ಬರಬೇಕು, ಅದನ್ನು ಹಿಂದಿಕ್ಕಿ ಮುಂದಿನ ಇಳಿಜಾರಿಗೆ ಜಾರಿದರೆ ಬೋಟು ಅಡ್ಡತಿರುಗಿ ಮಗುಚುತ್ತದೆ. ಅಲೆ ಒಡೆಯುತ್ತಿದ್ದರೆ ಹೊರಗೇ ಕಾಯುವುದು ಲೇಸು. ಸ್ಥಳೀಯ ಮೀನುಗಾರರು ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ದಾಟುತ್ತಾರೆ ಎಂದು ಒಂದು ದಿನ ದಡದಲ್ಲಿ ನಿಂತು ನೋಡಿದರೆ ನಕ್ಷೆ ಹೇಳದ್ದು ತಿಳಿಯುತ್ತದೆ, ಏಕೆಂದರೆ ಮರಳುದಿಬ್ಬ ವರ್ಷ ವರ್ಷ ಜಾಗ ಬದಲಿಸುತ್ತದೆ.

ಇಂಧನಕ್ಕೆ ಮೂರು ಪಾಲಿನ ನಿಯಮ: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. ಅಲೆಯ ಎದುರು ಖರ್ಚು ಹೆಚ್ಚುವುದರಿಂದ ಕೆರೆಯ ಅಂದಾಜು ಇಲ್ಲಿ ನಡೆಯದು. ಬಂದರಿಗೆ ಬರುವಾಗ ಕಾಣುವ ತೇಲುಗುರುತುಗಳ ಬಣ್ಣವೂ ಜಗತ್ತಿನೆಲ್ಲೆಡೆ ಒಂದೇ ಅಲ್ಲ: ಅಮೆರಿಕ ಖಂಡಗಳು, ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್‌ಗಳಲ್ಲಿ ಒಳಬರುವಾಗ ಕೆಂಪು ಬಲಕ್ಕಿರುತ್ತದೆ, ಉಳಿದೆಡೆ ಎಡಕ್ಕೆ.

ಪ್ರತಿಯೊಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿ, ಪೆಟ್ಟಿಗೆಯಲ್ಲಿ ಅಲ್ಲ. 50 ನ್ಯೂಟನ್ನಿನದು ಈಜು ಬಲ್ಲವರಿಗೆ ದಡದ ಹತ್ತಿರ ಸಾಕು, ತೆರೆದ ಕಡಲಿಗೆ 150 ನ್ಯೂಟನ್ನಿನದು ಬೇಕು. ಮೊಬೈಲ್ ಸಿಗ್ನಲ್ ನಂಬಿ ಹೊರಡಬೇಡಿ. ಮೊಬೈಲ್ ಕರೆ ಒಬ್ಬರನ್ನು ಮುಟ್ಟುತ್ತದೆ, ವಿಎಚ್‌ಎಫ್ ರೇಡಿಯೋದ ಚಾನೆಲ್ 16ರಲ್ಲಿ ಕೊಟ್ಟ ಕರೆ ಸುತ್ತಲಿನ ಎಲ್ಲ ಬೋಟುಗಳನ್ನೂ ಮುಟ್ಟುತ್ತದೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆದು ದಡದಲ್ಲಿರುವ ಒಬ್ಬರ ಕೈಗೆ ಕೊಡಿ.

ಲಂಗರು ಮತ್ತು ರಾತ್ರಿಯ ತಂಗುದಾಣ

ಲಂಗರು ಹಿಡಿಯುವುದು ತೂಕದಿಂದಲ್ಲ, ಎಳೆತದ ಕೋನದಿಂದ. ಹಗ್ಗ ನೆಲಕ್ಕೆ ಹತ್ತಿರ ಮಲಗಿ ಎಳೆದರೆ ಲಂಗರು ಹೂತುಕೊಳ್ಳುತ್ತದೆ, ಮೇಲಕ್ಕೆ ಎಳೆದರೆ ಕಿತ್ತುಬರುತ್ತದೆ. ಆದ್ದರಿಂದ ಆಳದ 5ರಿಂದ 7 ಪಟ್ಟು ಹಗ್ಗ ಬಿಡಬೇಕು, ಆಳವನ್ನು ಬೋಟಿನ ಮೂತಿಯಿಂದ, ಮುಂದೆ ಬರಲಿರುವ ಉಬ್ಬರವನ್ನು ಸೇರಿಸಿ ಅಳೆಯಬೇಕು. ಈಗ ನೀರು 3 ಮೀಟರ್, ಇನ್ನು 2 ಮೀಟರ್ ಏರಲಿದೆ, ಮೂತಿ ನೀರಿನಿಂದ 1 ಮೀಟರ್ ಮೇಲೆ: ಒಟ್ಟು 6, ಏಳು ಪಟ್ಟು ಎಂದರೆ 42 ಮೀಟರ್. ಈಗಿನ 3 ಮೀಟರನ್ನಷ್ಟೇ ನೋಡಿ 21 ಮೀಟರ್ ಬಿಟ್ಟವರ ಬೋಟು ಉಬ್ಬರದಲ್ಲಿ ಲಂಗರನ್ನೇ ಎಳೆದುಕೊಂಡು ಹೊರಡುತ್ತದೆ. ಲಂಗರಿನ ತುದಿಗೆ ಬೋಟಿನ ಉದ್ದದಷ್ಟಾದರೂ ಸರಪಳಿ ಇರಲಿ. ಹಿಂಬದಿಗೆ ಲಂಗರು ಕಟ್ಟಬಾರದು. ತಗ್ಗಾದ ಅಂಚಿನ ಮೇಲಿಂದ ಅಲೆ ನೇರ ಒಳಗೆ ಬರುತ್ತದೆ.

ರಾತ್ರಿ ಬೋಟನ್ನು ನೀರಿನಲ್ಲೇ ಬಿಡುವುದಾದರೆ ತೇಲುವ ಜೆಟ್ಟಿಯನ್ನೇ ಹುಡುಕಿ, ಅದು ಬೋಟಿನ ಜೊತೆಗೇ ಏರಿ ಇಳಿಯುತ್ತದೆ. ಸ್ಥಿರ ಕಟ್ಟೆಗೆ ಕಟ್ಟಬೇಕಾಗಿ ಬಂದರೆ ಹಗ್ಗಗಳು ಉಬ್ಬರ-ಇಳಿತದ ಅಂತರದ ಕನಿಷ್ಠ ಮೂರು ಪಟ್ಟು ಉದ್ದವಿದ್ದು, ಮುಂದಕ್ಕೂ ಹಿಂದಕ್ಕೂ ದೂರದ ಕಂಬಗಳಿಗೆ ಓರೆಯಾಗಿ ಹೋಗಬೇಕು. ಗಿಡ್ಡ ಹಗ್ಗದಲ್ಲಿ ಕಟ್ಟಿದ ಬೋಟು ನಡುರಾತ್ರಿಯ ಇಳಿತದಲ್ಲಿ ಒಂದು ಬದಿಗೆ ನೇತಾಡಿ ನೀರು ತುಂಬಿಕೊಳ್ಳುತ್ತದೆ. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ತೇಲುಸ್ವಿಚ್ಚನ್ನು ಕೈಯಿಂದ ಎತ್ತಿ ಪಂಪ್ ಓಡುವುದನ್ನು ನೋಡಿಯೇ ಮಲಗಲು ಹೋಗಿ. ಬೆಚ್ಚಗಿನ ಕಡಲಿನಲ್ಲಿ ಕೆಲವೇ ದಿನಗಳಲ್ಲಿ ತಳಕ್ಕೆ ಲೋಳೆ ಕಟ್ಟುತ್ತದೆ, ವಾರ ಎರಡು ವಾರದಲ್ಲಿ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಅಂಟುತ್ತವೆ. ಒಂದು ವಾರದ ರಜೆಗೆ ತಳಕ್ಕೆ ಬಣ್ಣ ಬಳಿಸಬೇಕಿಲ್ಲ. ಬಳಿಸುವುದಾದರೂ ಅಲ್ಯೂಮಿನಿಯಂ ಬೋಟಿಗೆ ತಾಮ್ರ ಬೆರೆತ ಬಣ್ಣ ಖಂಡಿತ ಬೇಡ, ತಾಮ್ರದ ಸಂಗದಲ್ಲಿ ಅಲ್ಯೂಮಿನಿಯಂ ಕರಗಿ ತೂತಾಗುತ್ತದೆ.

ಉಪ್ಪು

ಕರಗುವ ಈ ಗುಣವನ್ನೇ ಬಳಸಿಕೊಂಡು ಎಂಜಿನ್ನನ್ನು ಕಾಯುವ ಲೋಹದ ತುಂಡುಗಳು ಪ್ರೊಪೆಲ್ಲರಿನ ಬಳಿ ಇರುತ್ತವೆ, ಆನೋಡ್ ಎನ್ನುತ್ತಾರೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದಾಗ ಅತಿ ಚುರುಕಾದದ್ದು ಮೊದಲು ಸವೆಯುತ್ತದೆ. ಎಂಜಿನ್ ಬದಲು ಇವು ಸವೆಯಲೆಂದೇ ಇರುವುದು. ಕೆರೆಯ ಬೋಟಿಗೆ ಮೆಗ್ನೀಸಿಯಂ ತುಂಡು ಹಾಕಿರಬಹುದು, ಅದು ಕಡಲಿನಲ್ಲಿ ಬಹಳ ಬೇಗ ಕರಗಿ ಮುಗಿಯುತ್ತದೆ. ಸತುವಿನದು ಕಡಲಿಗೆ ಸರಿ, ಸಿಹಿನೀರಿನಲ್ಲಿ ಮೇಲೆ ಪೊರೆ ಕಟ್ಟಿ ನಿಷ್ಕ್ರಿಯವಾಗುತ್ತದೆ. ಎರಡೂ ಕಡೆ ಓಡಾಡುವವರಿಗೆ ಅಲ್ಯೂಮಿನಿಯಂ ಮಿಶ್ರಲೋಹದ್ದೇ ಉತ್ತಮ. ಅರ್ಧ ಸವೆದಾಗ ಬದಲಿಸಬೇಕು, ಮೇಲೆ ಬಣ್ಣ ಬಳಿಯಬಾರದು.

ದಿನದ ಕೊನೆಗೆ ಎಂಜಿನ್‌ಗೆ ಸಿಹಿನೀರು ಕುಡಿಸುವುದನ್ನು ಯಾವ ಕಾರಣಕ್ಕೂ ನಾಳೆಗೆ ಹಾಕಬಾರದು. ನೀರು ಹೀರುವ ಬಾಯಿಗೆ ರಬ್ಬರ್ ಕಿವಿಗಳಂತಿರುವ ಫ್ಲಶ್ ಸಾಧನ ಹಾಕಿ, ಮೊದಲು ನಲ್ಲಿ ಬಿಟ್ಟು ಆಮೇಲೆ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ 10ರಿಂದ 15 ನಿಮಿಷ ಓಡಿಸಿ. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ಒಂದೆರಡು ನಿಮಿಷದೊಳಗೇ ಸುಟ್ಟುಹೋಗಬಹುದು. ಹೊತ್ತು ಇಷ್ಟೇಕೆ ಎಂದರೆ, ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ಎಂಬ ಕವಾಟ ತೆರೆಯುವವರೆಗೆ ಸಿಹಿನೀರು ಒಳಗಿನ ಎಲ್ಲ ದಾರಿಗಳಿಗೆ ಹೋಗುವುದೇ ಇಲ್ಲ. ಎರಡು ನಿಮಿಷದ ಫ್ಲಶ್ ಹೊರಗಿನ ದಾರಿಯನ್ನಷ್ಟೇ ತೊಳೆಯುತ್ತದೆ. ಉಳಿದ ಉಪ್ಪು ಹರಳಾಗಿ ಕಟ್ಟಿಕೊಂಡು ತಿಂಗಳು ಕಳೆದ ಮೇಲೆ ಎಂಜಿನ್ ಬಿಸಿಯೇರಿಸುತ್ತದೆ. ಬೇರೆ ಫ್ಲಶ್ ಕೊಳವೆ ಇರುವ ಎಂಜಿನ್‌ಗಳಿಗೆ ಆಫ್ ಮಾಡಿಯೇ ತೊಳೆಯಬೇಕು ಎಂದಿರಬಹುದು, ಕೈಪಿಡಿ ನೋಡಿ.

ಟ್ರೈಲರನ್ನು ಬೋಟು ಇಳಿಸಿದ ತಕ್ಷಣವೇ ತೊಳೆಯಬೇಕು, ಸಂಜೆಯವರೆಗೆ ಬಿಸಿಲಲ್ಲಿ ಉಪ್ಪು ಒಣಗಲು ಬಿಡಬಾರದು. ಬ್ರೇಕಿನ ಒಳಭಾಗ, ಸ್ಪ್ರಿಂಗ್ ಪಟ್ಟಿಗಳ ಸಂದು, ಕೊಳವೆ ಚೌಕಟ್ಟಿನ ಒಳಗೆ, ದೀಪದ ಹಿಂದೆ ನೀರು ಹೋಗಬೇಕು. ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಒಣಗಿದಂತೆ ಕಂಡ ಟ್ರೈಲರೂ ಒಳಗೆ ತುಕ್ಕು ಹಿಡಿಯುತ್ತಲೇ ಇರುತ್ತದೆ. ರಭಸದ ಪ್ರೆಶರ್ ವಾಷರಿಗಿಂತ ಸಾಧಾರಣ ಪೈಪಿನಿಂದ ಬಹಳ ಹೊತ್ತು ಹರಿಸಿದ ನೀರು ಹೆಚ್ಚು ಉಪಯೋಗ. ರಭಸದ ನೀರು ಉಪ್ಪನ್ನು ಸೀಲುಗಳ ಒಳಕ್ಕೆ ತಳ್ಳುತ್ತದೆ.

ಮನೆಗೆ ಬಂದ ವಾರದೊಳಗೆ ಎರಡು ಪರೀಕ್ಷೆ. ಟ್ರೈಲರಿನ ಒಂದು ಚಕ್ರದ ಮುಚ್ಚಳ ತೆಗೆದು ಗ್ರೀಸಿನ ಬಣ್ಣ ನೋಡಿ, ಬೆಳ್ಳಗಾಗಿದ್ದರೆ ಎಲ್ಲ ಬೇರಿಂಗುಗಳನ್ನೂ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಿ. ಔಟ್‌ಬೋರ್ಡಿನ ಗೇರ್‌ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಎಣ್ಣೆ ಬಿಳಿ ಬಟ್ಟೆಯ ಮೇಲೆ ಬೀಳಿಸಿ. ಹಾಲುಬಣ್ಣ ಕಂಡರೆ ಪ್ರೊಪೆಲ್ಲರಿನ ಸೀಲಿಗೆ ಮೀನುಗಾಳದ ದಾರ ಸುತ್ತಿಕೊಂಡು ಕೊಯ್ದಿರುವ ಸಾಧ್ಯತೆಯೇ ಹೆಚ್ಚು, ಎಣ್ಣೆಯ ಜೊತೆ ಸೀಲನ್ನೂ ಬದಲಿಸಬೇಕು. ಮತ್ತೆ ಕೆರೆಗೆ ಇಳಿಸುವ ಮುಂಚೆ ತಳದ ಬಿರಡೆ ತೆಗೆದು ಒಳಗಿನ ನೀರೆಲ್ಲ ಬಸಿದು, ಅಂಟಿದ ಕಳೆ ಕಿತ್ತು, ಕನಿಷ್ಠ ಐದು ದಿನ ಚೆನ್ನಾಗಿ ಒಣಗಿಸಿ. ದಾರಿಯಲ್ಲಿ ಬೇರೊಂದು ಕೆರೆಯಲ್ಲೋ ನದಿಯಲ್ಲೋ ಬೋಟು ಇಳಿಸಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಜೀಬ್ರಾ ಮಸಲ್‌ನಂತಹ ಚಿಪ್ಪುಗಳ ಕಣ್ಣಿಗೆ ಕಾಣದ ಮರಿಗಳು ಬೋಟಿನ ತಳದಲ್ಲಿ ಉಳಿದ ನೀರಿನಲ್ಲೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುತ್ತವೆ.